ಕಪ್ಪು ಬುಟ್ಟಿ

ಫೆಬ್ರವರಿ 9

ಮಾನ್ಯ ಅಧ್ಯಕ್ಷರೇ, ಅಧ್ಯಕ್ಷರ ಪಕ್ಕದ ಖಾಲಿ ಕುರ್ಚಿಯೇ, ಫ್ಯಾನಿನ ಕೆಳಗೇ ಜಾಗ ಹಿಡಿದು ಕೂತ ಹಿರಿಯರೇ, ಒಂದು ಕಾಲು ಬಾಗಿಲಾಚೆ ಇಟ್ಟುಕೊಂಡೇ ನಿಂತಿರುವ ತರುಣರೇ, ಈ ಬಡಾವಣೆಯ ಸಮಸ್ತ ಗುಂಡಿಗಳೇ, ಕಟ್ಟಿಕೊಂಡ ಚರಂಡಿಗಳೇ, ಸೋರುವ ನಲ್ಲಿಗಳೇ, ತಮ್ಮೆಲ್ಲರ ಕೊನೆಯ ದಿನಗಳು ಇಂದು ಆರಂಭವಾದವೆಂದು ತಿಳಿಸಲು ನನಗೆ ಅತೀವ ಸಂತೋಷವಾಗುತ್ತದೆ.

ತಂಗೀ, ಭಾಷಣ ಹೀಗೆ ಶುರುವಾಗಬೇಕಿತ್ತು. ಆಗಲಿಲ್ಲ. ಮೈಕು 'ಮಾನ್ಯ' ಅನ್ನುವಷ್ಟರಲ್ಲೇ ಕೈಕೊಟ್ಟಿತು. ಬಂದವರು ಹನ್ನೊಂದು ಜನ. ಅದರಲ್ಲಿ ನಾಲ್ವರು ಅಮ್ಮನ ಹೊಲಿಗೆ ಕ್ಲಾಸಿನವರು, ಅಮ್ಮ ಹೆದರಿಸಿ ಕರೆತಂದದ್ದು. ಒಬ್ಬರು ಪಕ್ಕದ ಕೋಣೆಯಲ್ಲಿ ಬಿ.ಪಿ. ನೋಡುತ್ತಾರೆಂದು ದಾರಿ ತಪ್ಪಿ ಬಂದವರು, ಕೊನೆತನಕ ಅಂಗಿ ತೋಳು ಮೇಲೇರಿಸಿಕೊಂಡೇ ಕೂತಿದ್ದರು.

ನಾಳೆ ಸಾಹೇಬರೂ ಬಂದಿದ್ದರು. ನಮ್ಮ ವಾರ್ಡಿನ ಎಂಜಿನಿಯರು. ಏನು ಕೇಳಿದರೂ 'ನಾಳೆ' ಅನ್ನುತ್ತಾರೆಂದು ಅಮ್ಮ ಇಟ್ಟ ಹೆಸರು, ನೀನು ಮರೆತಿದ್ದೀಯೇನೋ. ನಾನು ವಿವರಿಸಿದ್ದು ಇಷ್ಟು: ಕೆಟ್ಟದ್ದು ಕಂಡಲ್ಲಿ ನಿಂತು ಒಂದು ಫೋಟೋ ತೆಗೆಯಿರಿ, ಫೋನಿನಲ್ಲಿ 'ಹೇಳಿಬಿಡಿ' ಆ್ಯಪ್ ತೆರೆದು ಹಾಕಿ, ಕೆಳಗೆ ಎರಡು ಮಾತು ಬರೆಯಿರಿ. ದೂರು ನಕ್ಷೆಯ ಮೇಲೆ ಕೆಂಪು ಚುಕ್ಕಿಯಾಗಿ ಕೂರುತ್ತದೆ, ಸಾಹೇಬರ ಕಚೇರಿಗೂ ಹೋಗುತ್ತದೆ. ಕೆಲಸ ಆದ ದಿನ ಚುಕ್ಕಿ ಹಸಿರು. ಕಟ್ಟಿದ್ದು ನನ್ನ ತಂಗಿ, ಬಸ್ಸುಗಳ ವೇಳಾಪಟ್ಟಿ ಮಾಡುವ ಕಚೇರಿಯಲ್ಲಿ ವಾರವಿಡೀ ದುಡಿದು, ಉಳಿದ ಭಾನುವಾರಗಳಲ್ಲಿ. ಮಾತುಗಳು ಮಾತ್ರ ನನ್ನವು.

ಸಾಹೇಬರ ಮುಖ ಸಣ್ಣಗಾಯಿತು. "ಅಂದ್ರೆ ಜನ ಕಚೇರಿಗೆ ಬರೋ ಕಷ್ಟಾನೇ ಇಲ್ವಾ?" ಅಂದರು. ಇಲ್ಲ ಸಾರ್ ಅಂದೆ. "ಆ ಕಷ್ಟ ಇದ್ದಿದ್ರಿಂದಲೇ ಕಣ್ರೀ ಇಷ್ಟು ದಿನ ದೂರು ಕಮ್ಮಿ ಇತ್ತು," ಅಂದರು.

ದೂರು ಕೊಟ್ಟವರಿಗೆ ಹೋಗುವ ಉತ್ತರಗಳನ್ನು ಇದರ ಜೊತೆ ಇಟ್ಟಿದ್ದೇನೆ. ಗುಂಡಿಗೆ: 'ಗುಂಡಿ ಕಂಡೆವು, ಅಳತೆ ಕೊಂಡೆವು, ತುಂಬುವ ತನಕ ತಡೆದುಕೊಳ್ಳಿ, ತುಂಬಿದ ಮೇಲೆ ನಡೆದುಕೊಳ್ಳಿ.' ನೀರಿಗೆ: 'ನಲ್ಲಿ ಸೋರಿದರೆ ಇಲ್ಲಿ ಹೇಳಿ, ಇಲ್ಲಿ ಹೇಳಿ ಅಲ್ಲಿ ತಾಳಿ.' ಇಪ್ಪತ್ತೆರಡು ವರ್ಷ ಮುದ್ರಣಾಲಯದಲ್ಲಿ ಮಂದಿ ಬರೆದದ್ದರ ಕರಡು ತಿದ್ದಿದವನು ನಾನು. ನನ್ನದೇ ಸಾಲು ಊರವರ ಕೈಯಲ್ಲಿ ಬೆಳಗುತ್ತದೆ ಅಂದರೆ, ನಗಬೇಡ, ಎದೆ ಒಂದು ಅಂಗುಲ ಉಬ್ಬಿದೆ.

ಅಮ್ಮ ಪಕ್ಕದಲ್ಲೇ ಕೂತು ಕಾಜಾ ಹೊಲಿಯುತ್ತಿದ್ದಾಳೆ. ಫೋನಿನಲ್ಲಿ ಮಾತಾಡಿದ್ದು ಇಟ್ಟ ಕೂಡಲೇ ಮುಗಿಯಿತು, ಕಾಗದವಾದರೆ ಮತ್ತೆ ಓದಿಸಬಹುದು ಅನ್ನುವ ಅವಳ ಹಟ ಇಲ್ಲದಿದ್ದರೆ ಈ ಕಾಲದಲ್ಲಿ ನಾವಿಬ್ಬರು ಲಕೋಟೆಗೆ ಅಂಟು ಹಚ್ಚುತ್ತಿದ್ದೆವಾ? ಅವಳ ಮಾತು ಅವಳ ಬಾಯಲ್ಲೇ ಬರೆಯುತ್ತೇನೆ: "ಅವಳಿಗೆ ಹೇಳು, ಭಾಷಣ ಚೆನ್ನಾಗಿತ್ತು, ಕೇಳಿಸಲಿಲ್ಲ."

ಇತಿ ನಿನ್ನ
ಕರಡಿ

*

ಫೆಬ್ರವರಿ 21

ಅಣ್ಣಾ,

ಮೊದಲು ಅಮ್ಮನಿಗೆ: ಕಳಿಸಿದ ರವಿಕೆ ತೋಳಿನಲ್ಲಿ ಬಿಗಿ, ಉಳಿದ ಕಡೆ ಸರಿ. ಬಿಗಿ ನನ್ನ ತೋಳಿನದೇ ತಪ್ಪು, ನಿನ್ನದಲ್ಲ. ಈಗಲಾದರೂ ಹೊಸ ಫೋನಿನಲ್ಲಿ ಫೋಟೋ ತೆಗೆಯೋದು ಕಲಿತೆಯಾ? ಉಗುರಲ್ಲಿ ಒತ್ತಬೇಡ, ಬೆರಳಿನ ಮೆತ್ತನೆ ಭಾಗದಲ್ಲಿ ಒತ್ತು.

ಈಗ ನಿನಗೆ. ನಿನ್ನ ಪದ್ಯಗಳು ಪರದೆಯಿಂದ ಹೊರಗೆ ಕಾಲು ಚಾಚುತ್ತಿವೆ. ಎರಡು ಸಾಲು ಅಂದರೆ ಎರಡೇ ಸಾಲು. ಮೂರನೆಯದನ್ನು ಯಂತ್ರ ಕತ್ತರಿಸುತ್ತದೆ, ಅದಕ್ಕೆ ಪ್ರಾಸದ ಮರುಕವಿಲ್ಲ.

ಇನ್ನೊಂದು ವಿಷಯ. ಯಾರೋ ಒಬ್ಬರು ಫೋನು ಜೇಬಿನಲ್ಲಿಟ್ಟುಕೊಂಡು ನಡೆದಾಡಿ, ಗುಂಡಿ ಒತ್ತಿ ಒತ್ತಿ, ತಮ್ಮ ಜೇಬಿನೊಳಗಿನ ನಲವತ್ಮೂರು ಚಿತ್ರ ಕಳಿಸಿದ್ದಾರೆ. ನಲವತ್ಮೂರೂ ಕಪ್ಪು. ನಾಳೆ ಸಾಹೇಬರು ನನಗೇ ಫೋನು ಮಾಡಿ "ಇದನ್ನ ಎಲ್ಲಿ ಹೋಗಿ ರಿಪೇರಿ ಮಾಡ್ಲಮ್ಮ" ಅಂದರು. ಹೀಗೇ ಆದರೆ ಅವರಿಗೆ ಎಲ್ಲವನ್ನೂ ಬಿಡಲು ನೆಪ ಸಿಗುತ್ತದೆ. ಅದಕ್ಕೇ ಒಂದು ಜರಡಿ ಕಟ್ಟಿದ್ದೇನೆ. ಚಿತ್ರದಲ್ಲಿ ಬೆಳಕು ಎಷ್ಟಿದೆ ಅಂತ ಅಳೆಯುತ್ತದೆ. ಪೂರ್ತಿ ಕಪ್ಪಾಗಿದ್ದರೆ ಆ ಕ್ಷಣವೇ ತಿರಸ್ಕರಿಸಿ 'ಚಿತ್ರ ಸ್ಪಷ್ಟವಿಲ್ಲ, ಮತ್ತೆ ಪ್ರಯತ್ನಿಸಿ' ಅಂತ ತಾನೇ ಉತ್ತರ ಕೊಡುತ್ತದೆ. ಅದರಲ್ಲಿ ಪ್ರಾಸ ಇಲ್ಲ. ಕ್ಷಮೆಯೂ ಕೇಳಲ್ಲ.

ನಿನ್ನ
ಇರುವೆ

*

ಮಾರ್ಚ್ 12

ಪ್ರೀತಿಯ ಇರುವೆಗೆ,

ಒಂದು ತಿಂಗಳಲ್ಲಿ ಕೆಂಪು ನೂರಾ ಆರು, ಹಸಿರು ಮೂವತ್ತೊಂದು. ಹಾಸ್ಯವಲ್ಲ, ಮೂವತ್ತೊಂದು. ಶಾಲೆಯ ಮುಂದಿನ ಗುಂಡಿ ಮುಚ್ಚಿತು. ಅದರ ಸುತ್ತ ಬಳಸಿ ನಡೆದು ರೂಢಿಯಾದವರು ಇವತ್ತಿಗೂ ಬಳಸಿಯೇ ನಡೆಯುತ್ತಾರೆ. ಔಷಧದಂಗಡಿಯವರು ನನ್ನ ಗುಂಡಿ ಪದ್ಯವನ್ನು ಗಲ್ಲಾದ ಗಾಜಿಗೆ ಅಂಟಿಸಿಕೊಂಡಿದ್ದಾರೆ. ಬೀದಿಯಲ್ಲಿ ಹೋದರೆ "ನಮ್ಮ ಮೋರಿ ಮೇಲೂ ಒಂದು ಬರೀರಿ ಸ್ವಾಮಿ" ಅನ್ನುತ್ತಾರೆ. ಮೋರಿ ರಿಪೇರಿಯಾಗದಿದ್ದರೂ ಪರವಾಗಿಲ್ಲ, ಪದ್ಯ ಬರಲಿ ಅನ್ನುವ ಹಂತಕ್ಕೆ ಕೆಲವರು ಬಂದುಬಿಟ್ಟಿದ್ದಾರೆ.

ಆದರೆ ನಿನ್ನ ಜರಡಿಯ ಕಣ್ಣು ಸಣ್ಣದಾಯಿತು. ಚಹದಂಗಡಿಯವನು ಒಡೆದ ಕೊಳವೆಯ ಒಳಗಡೆ ಫೋನು ತೂರಿಸಿ ಫೋಟೋ ತೆಗೆದಿದ್ದ. ಕೊಳವೆಯೊಳಗೆ ಕತ್ತಲಿರದೆ ಸೂರ್ಯ ಇರುತ್ತಾನಾ? ಯಂತ್ರ ಮುಖದ ಮೇಲೆ ಹೊಡೆದ ಹಾಗೆ ವಾಪಸು ಕಳಿಸಿತು. ಅವನು ನನ್ನನ್ನು ಹಿಡಿದು ಅರ್ಧ ಗಂಟೆ ಬೈದ, ಚಹವನ್ನೂ ಕೊಡಲಿಲ್ಲ. ಆದ್ದರಿಂದ ಯಂತ್ರ ಎಸೆಯುವುದು ಬೇಡ. ಕಪ್ಪು ಚಿತ್ರಗಳನ್ನು ಒಂದು ಕಡೆ ಎತ್ತಿಡಲಿ. ದಿನಾ ಬೆಳಿಗ್ಗೆ ನಾನು ನೋಡುತ್ತೇನೆ. ಜೇಬೋ ಕೊಳವೆಯೋ ಅಂತ ಹೇಳುವುದಕ್ಕೆ ಮನುಷ್ಯನ ಕಣ್ಣೇ ಬೇಕು. ತಿರಸ್ಕರಿಸಬೇಕಾದರೂ ನಾಲ್ಕು ಒಳ್ಳೆ ಮಾತು ಹೇಳಿ ತಿರಸ್ಕರಿಸೋಣ.

ಅಮ್ಮ ತನ್ನ ಮಾತೂ ಸೇರಿಸು ಅನ್ನುತ್ತಿದ್ದಾಳೆ. ರೈಲು ಹಳಿ ದಾಟುವ ಮೇಲ್ಸೇತುವೆ ಇದೆಯಲ್ಲ, ಕ್ಲಾಸು ಮುಗಿಸಿ ದಿನಾ ಸಂಜೆ ಅವಳು ಇಳಿದು ಬರುವುದು, ಅದರ ಮೆಟ್ಟಿಲ ದೀಪ ಮಿಣುಕು ಮಿಣುಕು ಅನ್ನುತ್ತಿದೆಯಂತೆ. "ನಿನ್ನ ಸಾಹೇಬ್ರ ಕಿವಿಗೆ ಒಂದು ಮಾತು ಹಾಕೋ," ಅಂದಳು. ನಾನು, "ತಾಯೇ, ಹೇಳಿಬಿಡಿಯಲ್ಲಿ ಹಾಕು. ಮನೆಯವರಿಗೆ ಹಿತ್ತಲ ಬಾಗಿಲು, ಊರವರಿಗೆ ಮುಂಬಾಗಿಲು ಅಂತಾದ್ರೆ ಯಾರು ನಂಬ್ತಾರೆ?" ಅಂದೆ.

"ಆಹಾ, ನ್ಯಾಯದ ತಕ್ಕಡಿ ನಮ್ಮನೇಲೇ ಹುಟ್ಟಿದೆ ನೋಡು," ಅಂದಳು. ಕನ್ನಡಕದ ಮೇಲಿಂದ ನೋಡಿದಳು. ಆಮೇಲೆ ಸೂಜಿಗೆ ದಾರ ಪೋಣಿಸಿದಳು. ಗೆದ್ದವರು ಯಾರು ಅಂತ ನಿನಗೆ ಗೊತ್ತಾಯಿತಲ್ಲ.

ಇತಿ ನಿನ್ನ
ಕರಡಿ

*

ಮಾರ್ಚ್ 24

ಅಣ್ಣಾ,

ನೀನು ಕೇಳಿದ್ದು ಶನಿವಾರ ಮಾಡಿ ಹಾಕಿದೆ. ಕಪ್ಪು ಚಿತ್ರಗಳು ಇನ್ನು ಮೇಲೆ 'ಕಪ್ಪು ಬುಟ್ಟಿ' ಅನ್ನುವ ಕಡೆ ಬೀಳುತ್ತವೆ. ನಿನ್ನ ಗುಟ್ಟಿನ ಸಂಖ್ಯೆಯಿಂದ ತೆರೆದು, ಒಂದೊಂದನ್ನೇ ನೋಡಿ 'ಸ್ವೀಕರಿಸು' ಇಲ್ಲವೇ 'ತಿರಸ್ಕರಿಸು' ಒತ್ತಬೇಕು. ಉತ್ತರ ಬರೆಯಲು ಜಾಗ ಇದೆ. ಎರಡು ಸಾಲು.

ದಿನಾ ನೋಡು. ಚಿತ್ರದ ಕೆಳಗೆ ಅವರು ಬರೆದ ಮಾತೂ ಇರುತ್ತದೆ, ಅದನ್ನೂ ಓದು.

ಅಮ್ಮನನ್ನೂ ಸರದಿಯಲ್ಲಿ ನಿಲ್ಲಿಸಿದೆಯಾ? ಒಂದು ಮಾತು ಸಾಹೇಬರಿಗೆ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು. ಇರಲಿ, ನಿಮ್ಮಿಬ್ಬರ ನಡುವೆ ನಾನು ಬರಲ್ಲ. ಬಂದಾಗಲೆಲ್ಲ ಇಬ್ಬರೂ ಸೇರಿ ನನಗೇ ಬೈದಿದ್ದೀರಿ.

ನಿನ್ನ
ಇರುವೆ

*

ಮೇ 4

ಅಣ್ಣಾ,

ಬಂದು ತಲುಪಿದೆ. ಬಸ್ಸು ತಡವಾಯಿತು. ಬೀಗ ತೆಗೆದು ಒಳಗೆ ಬಂದರೆ ನಿನ್ನ ಮಾರ್ಚಿ ತಿಂಗಳ ಕಾಗದ ಮೇಜಿನ ಮೇಲೆ ಹಾಗೇ ಇತ್ತು, ಅಮ್ಮನ ಮಾತು ಸಮೇತ.

ಇದನ್ನು ಗಟ್ಟಿಯಾಗಿ ಯಾರಿಗೂ ಓದಿ ಹೇಳಬೇಕಾಗಿಲ್ಲ. ಆದ್ದರಿಂದ ಸುತ್ತಿ ಬಳಸದೆ ಬರೆಯುತ್ತೇನೆ.

ಆಸ್ಪತ್ರೆಯ ಹೊರಗೆ ಅಮ್ಮನ ಆ ಕೊನೆಯ ಹನ್ನೆರಡು ದಿನ ಬೆಂಚಿನ ಮೇಲೆ ಕೂತಿದ್ದಾಗ ನೀನು ಹೇಳುತ್ತಿದ್ದೆ, ಮೆಟ್ಟಿಲು ಜಾರಿತು, ವಯಸ್ಸು, ಯಾರ ಕೈಯಲ್ಲೂ ಇರಲಿಲ್ಲ ಅಂತ. ನಾನೂ ಹ್ಞೂಂ ಅನ್ನುತ್ತಿದ್ದೆ. ಇಲ್ಲಿಗೆ ಬಂದು ನಿನ್ನೆ ಹೇಳಿಬಿಡಿಯ ದಾಖಲೆ ತೆರೆದೆ. ಏಪ್ರಿಲ್ 2, ಸಂಜೆ ಏಳು ಇಪ್ಪತ್ತೆರಡು. ಅಮ್ಮನ ನಂಬರು. ಕೆಳಗೆ ಅವಳ ಅಕ್ಷರ: 'ಮೇಲ್ಸೇತುವೆ ಮೆಟ್ಟಿಲು. ದೀಪ ಪೂರ್ತಿ ಹೋಗಿದೆ. ಕೊನೇ ಮೆಟ್ಟಿಲು ಕಾಣಲ್ಲ.' ಚಿತ್ರ ಕಪ್ಪು. ಸ್ಥಿತಿ: ತಿರಸ್ಕೃತ.

ಅವಳು ಬಿದ್ದದ್ದು ಆರನೇ ತಾರೀಖು. ನಡುವೆ ನಾಲ್ಕು ದಿನ ಇತ್ತು. ದೀಪ ಹಾಕಲು ಒಂದು ಏಣಿ, ಒಬ್ಬ ಮನುಷ್ಯ, ಹತ್ತು ನಿಮಿಷ ಸಾಕು.

ಏನಾಗಿದೆ ಅಂತ ನನಗೆ ಗೊತ್ತು ಅನ್ನಿಸುತ್ತದೆ. ಮಾರ್ಚ್ 29ಕ್ಕೆ ನಕ್ಷೆ ಕೈಕೊಟ್ಟಿತ್ತು, ಅವಸರದಲ್ಲಿ ಹಳೇ ಪ್ರತಿ ತಂದು ಮೇಲೆ ಹಾಕಿದೆ. ಅದರ ಜೊತೆ ಹಳೇ ಜರಡಿಯೂ ವಾಪಸು ಬಂದಿರಬೇಕು, ತಾನೇ ಎಸೆಯುವ ಜರಡಿ. ಏಪ್ರಿಲ್ 5ಕ್ಕೆ ಮತ್ತೆ ಎಲ್ಲ ಬದಲಿಸಿದೆ, ಹಾಗಾಗಿ ಆ ವಾರ ಏನಿತ್ತು ಅಂತ ನೋಡಲು ನನ್ನ ಹತ್ತಿರ ಏನೂ ಉಳಿದಿಲ್ಲ. ದೂರು ಬಂದ ವೇಳೆ ಬರೆದಿಡಲು ಯಂತ್ರಕ್ಕೆ ಹೇಳಿಕೊಟ್ಟಿದ್ದೆ. ಯಾರು, ಯಾವಾಗ ತಿರಸ್ಕರಿಸಿದರು ಅಂತ ಬರೆದಿಡಲು ಹೇಳಿಕೊಡಲಿಲ್ಲ. ಬೇಕಾಗುತ್ತದೆ ಅನ್ನಿಸಿರಲಿಲ್ಲ.

ಎರಡು ಕೇಳುತ್ತೇನೆ. ಆ ವಾರ ಕಪ್ಪು ಬುಟ್ಟಿಯಲ್ಲಿ ಏನಾದರೂ ಬಂದಿತ್ತಾ? ಬಂದಿದ್ದರೆ ಜರಡಿ ಹಳೇದಲ್ಲ ಅಂತಾಯಿತು. ಮತ್ತೆ ಅಮ್ಮನ ಫೋನು ಕಳಿಸು. ಉತ್ತರ ಅವಳ ಫೋನಿನಲ್ಲಿ ಮಾತ್ರ ಇರುತ್ತದೆ. ಏಳು ಇಪ್ಪತ್ತೆರಡಕ್ಕೇ ಬಂದಿದ್ದರೆ ಅದು ನನ್ನ ಯಂತ್ರ. ಅಷ್ಟು ತಿಳಿದರೆ ಸಾಕು.

ನಿನ್ನ
ಇರುವೆ

*

ಮೇ 19

ತಂಗೀ,

ನಿನ್ನ ಕಾಗದ ಬಂತು. ಊಟ ಸರಿಯಾಗಿ ಮಾಡುತ್ತಿದ್ದೀಯಾ?

ಮೊದಲು ಒಂದು ಮಾತು. ಇದು ಯಾರ ತಪ್ಪೂ ಅಲ್ಲ. ಯಂತ್ರಕ್ಕೆ ತಿಳಿಯುವುದು ಯಂತ್ರದಷ್ಟು. ಅದಕ್ಕೆ ಅಮ್ಮ ಯಾರು, ಮೆಟ್ಟಿಲು ಯಾವುದು ಅಂತ ಹೇಗೆ ಗೊತ್ತಾಗಬೇಕು?

ಬುಟ್ಟಿಯಲ್ಲಿ ಆ ವಾರ ಏನೂ ಬಂದ ನೆನಪಿಲ್ಲ. ಖಾಲಿ ಇತ್ತು ಅಂತ ಕಾಣುತ್ತೆ. ಅಮ್ಮನ ಫೋನು ಬಿದ್ದಾಗ ಗಾಜು ಒಡೆದಿದೆ, ಹೊತ್ತಿಸಿದರೆ ಹೊತ್ತುತ್ತಿಲ್ಲ. ಅದನ್ನು ನೋಡಿ ನಿನಗೆ ಆಗಬೇಕಾದ್ದಾದರೂ ಏನು?

ದೀಪ ಹಾಕಿದ್ದಾರೆ. ಅವಳು ಬಿದ್ದ ಮೂರನೇ ದಿನಕ್ಕೇ ನಾಳೆ ಸಾಹೇಬರು ತಾವೇ ಏಣಿ ಹಿಡಿದು ನಿಂತು ಹಾಕಿಸಿದರು. ಒಂದಿದ್ದ ಕಡೆ ಎರಡು. ಈಗ ಅಲ್ಲಿ ನೆಲದ ಮೇಲೆ ಬಿದ್ದ ಗುಂಡುಸೂಜಿಯೂ ಕಾಣುತ್ತದೆ. "ನಮ್ಮ ಕಚೇರಿಗೆ ದೂರೇ ಬರಲಿಲ್ಲ ನೋಡಿ, ಬಂದಿದ್ರೆ ನಾಳೆನೇ ಹಾಕಿಸ್ತಿದ್ದೆ," ಅಂದರು. ಕಣ್ಣಲ್ಲಿ ನೀರು ತಂದುಕೊಂಡೇ ಅಂದರು. ಅವರನ್ನು ಇಷ್ಟು ವರ್ಷ ಆಡಿಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಹೊಲಿಗೆ ಕ್ಲಾಸಿನ ಹುಡುಗಿಯರು ಬಂದಿದ್ದರು. ಅರ್ಧ ಹೊಲಿದ ಬಟ್ಟೆಗಳನ್ನು ತೆಗೆದುಕೊಂಡು ಹೋದರು. ಒಬ್ಬಳು ಅಮ್ಮನ ಅಳತೆ ಟೇಪು ಕೇಳಿದಳು, ಕೊಟ್ಟೆ. ಹೊಲಿಗೆ ಯಂತ್ರದ ಮೇಲೆ ಮುಸುಕು ಹಾಕಿದ್ದೇನೆ.

ಅಣ್ಣ

*

ಜೂನ್ 28

ಅಣ್ಣಾ,

ಬುಟ್ಟಿ ಖಾಲಿ ಇತ್ತು ಅಂದೆಯಲ್ಲ. ಅಲ್ಲಿಗೆ ಅನುಮಾನ ಇಲ್ಲ. ಹಳೇ ಜರಡಿಯೇ.

ಈ ತಿಂಗಳು ನಾನು ಮಾಡಿದ ಕೆಲಸ ಹೇಳುತ್ತೇನೆ. ಸಂಜೆ ಕಚೇರಿ ಬಿಟ್ಟ ಮೇಲೆ ದೀಪ ಕೆಟ್ಟ ಕಂಬ ಹುಡುಕಿಕೊಂಡು ಹೋಗಿ ಫೋಟೋ ತೆಗೆದೆ. ಒಂಬತ್ತು ಕಂಬ. ಒಂಬತ್ತೂ ಕಪ್ಪು. ದೀಪ ಇಲ್ಲ ಅನ್ನುವುದರ ಫೋಟೋ ಕಪ್ಪಾಗಿಯೇ ಬರುತ್ತದೆ ಅಣ್ಣಾ. ಬೇರೆ ಹೇಗೆ ಬರಬೇಕು? ಗುಂಡಿಯ ಬಗ್ಗೆ ಯೋಚಿಸಿದೆ, ನೀರಿನ ಬಗ್ಗೆ ಯೋಚಿಸಿದೆ, ಕಸದ ಬಗ್ಗೆ ಎರಡು ಭಾನುವಾರ ಯೋಚಿಸಿದೆ. ಕತ್ತಲೆಯೂ ಒಂದು ದೂರು ಅಂತ ಒಂದು ನಿಮಿಷ ಹೊಳೆಯಲಿಲ್ಲ. ಫೆಬ್ರವರಿಯಿಂದ ತಿರಸ್ಕೃತವಾದ ದೀಪದ ದೂರುಗಳನ್ನು ಎಣಿಸಿದೆ. ಹದಿನೇಳು. ಹದಿನಾರು ಜನ ಬೀಳಲಿಲ್ಲ, ಅಷ್ಟೇ.

ಕಚೇರಿಯಲ್ಲಿ ಹೇಳಿದ್ದೇನೆ, ಇನ್ನು ಮುಂದೆ ಜನ ನಂಬಿ ಕಾಲಿಡುವ ಯಾವುದನ್ನೂ ನಾನು ಬರೆಯಲ್ಲ ಅಂತ. ಮೇಲಿನವರು ಒಳ್ಳೆಯವರು, ಸ್ವಲ್ಪ ದಿನದ ಮಾತು ಅಂದುಕೊಂಡರು. ಈಗ ಹಳೇ ಕಡತಗಳಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದೇನೆ. ಯಾರಿಗೂ ಪೆಟ್ಟಾಗಲ್ಲ.

ಹೇಳಿಬಿಡಿಯನ್ನು ಸೆಪ್ಟೆಂಬರ್ ಒಂದಕ್ಕೆ ಮುಚ್ಚುತ್ತೇನೆ. ಅಷ್ಟರೊಳಗೆ ಉಳಿದ ಕೆಂಪು ಚುಕ್ಕಿಗಳ ಪಟ್ಟಿ ಮಾಡಿ ಸಾಹೇಬರಿಗೆ ಕೊಡು.

ಫೋನಿನ ಗಾಜು ಯಾವ ಅಂಗಡಿಯಲ್ಲೂ ಹಾಕಿಕೊಡುತ್ತಾರೆ. ಕಳಿಸು.

ನಿನ್ನ ಕಾಗದದಲ್ಲಿ ಒಂದೂ ಪ್ರಾಸ ಇರಲಿಲ್ಲ. ಕೆಳಗೆ ಕರಡಿ ಅಂತಲೂ ಬರೆಯಲಿಲ್ಲ. ಬೈಯುತ್ತಿಲ್ಲ, ಕಂಡಿತು, ಬರೆದೆ.

ನಿನ್ನ
ಇರುವೆ

*

ಜುಲೈ 17

ತಂಗೀ,

ಮುಚ್ಚಬೇಡ.

ನೀನು ಮುಚ್ಚುತ್ತೀಯ ಅಂತ ಚಹದಂಗಡಿಯಲ್ಲಿ ಬಾಯಿ ತಪ್ಪಿ ಹೇಳಿದೆ. ಅವನು ಕೆಟಲ್ ಕೆಳಗಿಟ್ಟು, "ನಿಮ್ಮನ್ನ ಬೈದಿದ್ದು ನಿಜ, ಆದ್ರೆ ಕೊಳವೆ ಸರಿ ಮಾಡ್ಸಿದ್ದೂ ಅದೇ ಅಲ್ವಾ," ಅಂದ. ಬಿ.ಪಿ. ಹಿರಿಯರು ನೆನಪಿದ್ದಾರಲ್ಲ, ಅವರು ಈಗ ದಿನಕ್ಕೆರಡು ದೂರು ಹಾಕುತ್ತಾರೆ. ಡಾಕ್ಟರು ನಡೆಯಲು ಹೇಳಿದ್ದಾರಂತೆ, ಸುಮ್ಮನೆ ನಡೆಯೋದು ಬೇಜಾರಂತೆ. ನಾಳೆ ಸಾಹೇಬರಿಗೆ ಮೇಲಿನಿಂದ ಮೆಚ್ಚುಗೆ ಪತ್ರ ಬಂದಿದೆ, ಅದಕ್ಕೆ ಗಾಜು ಹಾಕಿಸಿ ಕಚೇರಿಯಲ್ಲಿ ತೂಗುಹಾಕಿದ್ದಾರೆ. "ನಿಮ್ಮ ತಂಗಿಗೆ ನಾನೇ ಬರೀಲಾ? ನಾಳೆ ಬರೀತೀನಿ," ಅಂದರು.

ಯಾರ ತಪ್ಪೂ ಅಲ್ಲ ಅಂತ ಹೋದ ಸಲವೂ ಬರೆದೆ. ಮತ್ತೆ ಬರೆಯುತ್ತೇನೆ. ಯಾರ ತಪ್ಪೂ ಅಲ್ಲ. ಅಂಥ ಕೆಲಸ ಬಿಟ್ಟು ಚೀಟಿ ಅಂಟಿಸುತ್ತಾ ಕೂತರೆ ಅಮ್ಮನಿಗೆ ಏನು ಸಮಾಧಾನ? ಬಸ್ಸುಗಳಿಗೆಲ್ಲ ದಾರಿ ಹೇಳ್ತಾಳೆ ನನ್ನ ಮಗಳು ಅಂತ ಕ್ಲಾಸಿನಲ್ಲಿ ಹೇಳಿಕೊಳ್ಳುತ್ತಿದ್ದವಳು ಅವಳು.

ಫೋನನ್ನು ಅಂಗಡಿಗೆ ಕೊಟ್ಟಿದ್ದೇನೆ. ಬಿಡಿಭಾಗ ಬರಬೇಕಂತೆ.

ಮನೆ ಸರಿಯಾಗಿದೆ. ನಾನೂ ಸರಿಯಾಗಿದ್ದೇನೆ. ಮುದ್ರಣಾಲಯದಲ್ಲಿ ಒಂದು ಪುಸ್ತಕದ ಕರಡಿನಲ್ಲಿ ಒಂದು ಪುಟಕ್ಕೆ ಪುಟವೇ ಬಿಟ್ಟುಹೋದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಮಾಲೀಕರು ಏನೂ ಅನ್ನಲಿಲ್ಲ. ಈಗ ಯಾರೂ ನನಗೆ ಏನೂ ಅನ್ನುವುದಿಲ್ಲ.

ಅಣ್ಣ

*

ಆಗಸ್ಟ್ 20

ಅಣ್ಣಾ,

'ಯಾರ ತಪ್ಪೂ ಅಲ್ಲ' ಅಂತ ಎರಡು ಕಾಗದದಲ್ಲಿ ಮೂರು ಸಲ ಬರೆದಿದ್ದೀಯ. ಪ್ರೀತಿಯಿಂದ ಬರೆದದ್ದು ಅಂತ ಗೊತ್ತು. ಆದರೆ ಆ ಮಾತು ನನಗೆ ಕಾಲೂರಲು ಜಾಗ ಕೊಡುವುದಿಲ್ಲ. ತಪ್ಪು ನಡೆದಿದೆ, ಅಮ್ಮ ಇಲ್ಲ, ತಪ್ಪು ಮಾತ್ರ ಯಾರದೂ ಅಲ್ಲ. ಹಾಗಾದರೆ ಅದನ್ನು ಎಲ್ಲಿ ಇಡಲಿ?

ಕಣ್ಣು ಮುಚ್ಚಿದರೆ ಅವಳು ಕತ್ತಲಲ್ಲಿ ನಿಂತು ಬೆರಳಿನ ಮೆತ್ತನೆ ಭಾಗದಲ್ಲಿ ಒತ್ತುತ್ತಿರುತ್ತಾಳೆ, ನಾನು ಹೇಳಿಕೊಟ್ಟ ಹಾಗೆ. ಯಂತ್ರ ವಾಪಸು ಎಸೆಯುತ್ತದೆ, ನಾನು ಹೇಳಿಕೊಟ್ಟ ಹಾಗೆ.

ನನಗೆ ಸಮಾಧಾನ ಬೇಡ. ನೀನು ಅವಳ ಜೊತೆ ಇದ್ದವನು, ನಿನಗೆ ಹಕ್ಕಿದೆ. ಒಂದೇ ಒಂದು ಸಲ 'ಹೌದು, ನಿನ್ನ ತಪ್ಪು' ಅಂತ ಬರೆದುಬಿಡು. ಒಂದು ಸಾಲು ಸಾಕು. ಯಾರಾದರೂ ಗಟ್ಟಿಯಾಗಿ ಹೇಳಿದರೆ ಹೊತ್ತುಕೊಂಡು ನಡೆಯಬಹುದು. ಯಾರೂ ಹೇಳದೆ ಇರುವುದನ್ನು ಹೊರಲು ಆಗುತ್ತಿಲ್ಲ.

ಒಂದನೇ ತಾರೀಖಿಗೆ ಮುಚ್ಚುತ್ತೇನೆ. ಅದು ನಿರ್ಧಾರವಾಗಿದೆ.

ಇರುವೆ

*

ಆಗಸ್ಟ್ 29

ತಂಗೀ,

ನೀನು ಕೇಳಿದ ಸಾಲನ್ನು ಬರೆದೆ. 'ಹೌದು, ನಿನ್ನ ತಪ್ಪು, ಆದರೆ ಕ್ಷಮಿಸಿದ್ದೇನೆ' ಅಂತ ಬರೆದೆ. ಮಡಚಿ ಲಕೋಟೆಗೆ ಹಾಕಿ ಅಂಟು ಹಚ್ಚಿದೆ. ಅಂಚೆ ಡಬ್ಬದ ತನಕ ಹೋದೆ. ಲಕೋಟೆಯ ಅರ್ಧ ಒಳಗೆ ಹೋಗಿತ್ತು. ಎಂಥವನು ನಾನು ಅಂತ ನಿನಗೆ ತಿಳಿದಿರಲಿ, ಅದಕ್ಕೇ ಇದನ್ನು ಮೊದಲು ಹೇಳಿದೆ.

ಹಳೇ ಜರಡಿ ವಾಪಸು ಬಂದಿರಲಿಲ್ಲ. ಬುಟ್ಟಿ ಖಾಲಿ ಇರಲಿಲ್ಲ. ಏಪ್ರಿಲ್ ಮೂರರ ಬೆಳಿಗ್ಗೆ ಅದರಲ್ಲಿ ನಾಲ್ಕು ಚಿತ್ರ ಇದ್ದವು. ಅಮ್ಮನದು ಮೂರನೆಯದು. ನಂಬರು ನೋಡಿದೆ, ನಕ್ಕೆ, ಫೋನು ಚೀಲದಲ್ಲಿಟ್ಟು ಗುಂಡಿ ಒತ್ತಿಕೊಂಡಿದ್ದಾಳೆ ಅಂದುಕೊಂಡೆ. ಕೆಳಗೆ ಬರೆದ ಮಾತನ್ನು ಓದಲಿಲ್ಲ. ಓದು ಅಂತ ನೀನು ಬರೆದಿದ್ದೆ. ಓದಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಒಂದು ಪದ್ಯ ಬಂದುಬಿಟ್ಟಿತ್ತು.

ಕತ್ತಲ ಚಿತ್ರಕೆ ಕಣ್ಣಿಲ್ಲ, ಕಾಣದ ದೂರಿಗೆ ಮಣೆಯಿಲ್ಲ;
ಬೆಳಕಲಿ ನಿಂತು ತೆಗೆಯಿರಿ, ಮತ್ತೆ ನಮಗೆ ಕಳಿಸಿರಿ.

ಚೆನ್ನಾಗಿತ್ತು. ಎರಡು ಸಾಲಿಗೆ ಸರಿಯಾಗಿತ್ತು. ಕಳಿಸದೆ ಇರಲು ಆಗಲಿಲ್ಲ. 'ಸ್ವೀಕರಿಸು' ಒತ್ತಿದರೆ ಆ ಪದ್ಯಕ್ಕೆ ಜಾಗವಿರಲಿಲ್ಲ. ನಾಲ್ಕನ್ನೂ ತಿರಸ್ಕರಿಸಿ ನಾಲ್ವರಿಗೂ ಅದನ್ನೇ ಕಳಿಸಿ ಚಹ ಕುಡಿದೆ.

ಆ ದಿನ ಊಟಕ್ಕೆ ಕೂತಾಗ ಅವಳು, "ನಿನ್ನ ಪದ್ಯ ಬಂತು," ಅಂದಳು. "ಹೇಗಿದೆ?" ಅಂದೆ. "ಚೆನ್ನಾಗಿದೆ. ಬೆಳಕಲ್ಲಿ ಎಲ್ಲಿ ನಿಲ್ಲೋದು ಅಂತ ನೋಡ್ತಿದೀನಿ," ಅಂದಳು. ತಮಾಷೆ ಮಾಡುತ್ತಿದ್ದಾಳೆ ಅಂತ ನಕ್ಕೆ. ಅವಳೂ ಸ್ವಲ್ಪ ನಕ್ಕಳು. ಮತ್ತೊಮ್ಮೆ ಬಾಯಿಬಿಟ್ಟು ಕೇಳುವವಳಲ್ಲ ಅವಳು. ಸರದಿಯಲ್ಲಿ ನಿಲ್ಲು ಅಂದಿದ್ದೆನಲ್ಲ, ನಿಂತಳು.

ಫೋನಿನ ಗಾಜು ಒಡೆದಿಲ್ಲ. ಯಾವ ಅಂಗಡಿಗೂ ಕೊಟ್ಟಿಲ್ಲ. ನನ್ನ ಬಟ್ಟೆಗಳ ಅಡಿಯಲ್ಲಿದೆ. ಆರನೇ ತಾರೀಖಿನ ಸಂಜೆಯ ಚಿತ್ರಗಳು ಅದರಲ್ಲಿವೆ, ಐದು. ಮೊದಲ ನಾಲ್ಕು ಕಪ್ಪು. ಐದನೆಯದರಲ್ಲಿ ರೈಲು ಬರುತ್ತಿದೆ, ಅದರ ಬೆಳಕು ಪಕ್ಕದಿಂದ ಬಿದ್ದಿದೆ, ಮೇಲಿನ ಮೂರು ಮೆಟ್ಟಿಲು ಕಾಣುತ್ತವೆ. ಮೆಟ್ಟಿಲ ನಡುವೆ ಮೇಲಕ್ಕೆ ಮುಖ ಮಾಡಿ ನಿಂತಿದ್ದವಳು, ಇನ್ನೂ ಕೆಳಗಿನದು ಕಾಣಲಿ ಅಂತ ಹಿಂದಕ್ಕೆ ಸರಿದಿರಬೇಕು.

ಅವಳು ಮನೆಗೆ ಬರುವಾಗ ಜಾರಿ ಬೀಳಲಿಲ್ಲ. ರೈಲಿನ ಬೆಳಕಿಗೆ ಕಾದು ನಿಂತಿದ್ದಳು, ನಾನು ಹೇಳಿದ ಹಾಗೆ ಮಾಡಲು.

ಅಣ್ಣ